ಒಂದು ಹಾಡು, ಎರಡು ಬಾಯಿ

2021ರ ಮಾರ್ಚ್ ಮೊದಲ ವಾರ. ಇಂಗ್ಲಿಷಿನವರು ಟ್ಯೂರಿನ್ ಎಂದು ಕರೆಯುವ ತೊರಿನೊ ನಗರದಲ್ಲಿ ರಾತ್ರಿ ಹತ್ತರ ನಂತರ ಹೊರಗೆ ಕಾಲಿಡುವಂತಿರಲಿಲ್ಲ. ನಾನು ಬಾಡಿಗೆಗಿದ್ದ ಮನೆಯ ಒಡತಿ ಎಪ್ಪತ್ತೇಳು ವರ್ಷದ ಅಜ್ಜಿ. ಆ ವಾರವಿಡೀ ಅವರು ಅಡುಗೆಮನೆಯ ಟೀವಿಯಲ್ಲಿ, ವರ್ಷವರ್ಷವೂ ಹಾಡುಗಳ ಸ್ಪರ್ಧೆ ನಡೆಯುವ ಸಾನ್ರೆಮೊ ಉತ್ಸವ ನೋಡುತ್ತಿದ್ದರು. ಒಬ್ಬರೇ ಕೂತು ನೋಡುವುದು ಬೇಸರವೆಂದು ನನ್ನನ್ನೂ ಕರೆದು ಕೂರಿಸುತ್ತಿದ್ದರು. ಅರಿಸ್ತೊನ್ ಸಭಾಂಗಣ ಆ ವರ್ಷ ಖಾಲಿಯಾಗಿತ್ತು. ಕೆಂಪು ಕುರ್ಚಿಗಳ ಮುಂದೆ ಹುಡುಗರು ಹಾಡಿ ಹೋಗುತ್ತಿದ್ದರು, ಮೊದಲೇ ಮುದ್ರಿಸಿಟ್ಟ ಚಪ್ಪಾಳೆ ಕೇಳಿಸುತ್ತಿತ್ತು. ಅಜ್ಜಿ ಅರ್ಧ ಕಣ್ಣು ಮುಚ್ಚಿಕೊಂಡೇ ಎಲ್ಲರಿಗೂ ಒಂದೊಂದು ಕಿರುಮಾತಿನ ತೀರ್ಪು ಕೊಡುತ್ತಿದ್ದರು. ಒರಿಯೆತ್ತಾ ಬೆರ್ತಿ ವೇದಿಕೆಗೆ ಬಂದಾಗ ಮಾತ್ರ ಅವರು ನೆಟ್ಟಗೆ ಕೂತು ಟೀವಿಯ ಸದ್ದು ಹೆಚ್ಚಿಸಿದರು. ಬೆರ್ತಿಯವರು ಅಜ್ಜಿಯ ಓರಗೆಯವರೇ, 1943ರಲ್ಲಿ ಹುಟ್ಟಿದವರು. ಆ ವಯಸ್ಸಿನಲ್ಲಿಯೂ ಅವರ ದನಿ ಎಲ್ಲಿಯೂ ನಡುಗಲಿಲ್ಲ. ಹಾಡು ಮುಗಿದಾಗ ಅಜ್ಜಿ, ಪಕ್ಕದ ಮನೆಯ ಹಳೆಯ ಸಂಗತಿಯೊಂದನ್ನು ಹೇಳುವ ಹಾಗೆ ಹೇಳಿದರು: ‘ಪಾಪ ಆ ಹುಡುಗ ಸಾಯುವಾಗ ಬರೆದಿಟ್ಟ ಚೀಟಿಯಲ್ಲಿ ಇವಳ ಹಾಡಿನ ಹೆಸರಿತ್ತು. ಇವಳೇನು ಮಾಡಿದ್ದಳು? ಒಂದು ಹಾಡು ಹಾಡಿದ್ದಳು, ಅಷ್ಟೇ. ಅದೂ ಇವಳು ಬರೆದ ಹಾಡಲ್ಲ.’

ಆ ಮಾತು ನನ್ನನ್ನು ಬಿಡಲಿಲ್ಲ. ಸತ್ತ ಹುಡುಗ ಯಾರೆಂಬುದು ಮರುದಿನವೇ ತಿಳಿಯಿತು; ಲುಯಿಜಿ ತೆಂಕೊ ಅವರ ಹೆಸರನ್ನು ಇಟಲಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನನ್ನು ಹಿಡಿದದ್ದು ‘ಅದೂ ಇವಳು ಬರೆದ ಹಾಡಲ್ಲ’ ಎಂಬ ಕೊನೆಯ ಮಾತು. ಹಾಡೊಂದು ಯಾರದು ಎಂದು ನಾವು ಹೇಗೆ ಹೇಳುತ್ತೇವೆ? ನಮ್ಮಲ್ಲಿ ‘ಅಣ್ಣಾವ್ರ ಹಾಡು’ ಎಂದರೆ ಮುಗಿಯಿತು; ಬರೆದವರನ್ನೂ ರಾಗ ಹಾಕಿದವರನ್ನೂ ನೆನಪಿಸಿಕೊಳ್ಳಲು ಇನ್ನೊಂದು ಗಳಿಗೆ ಬೇಕು. ಅಜ್ಜಿಯ ಕ್ರಮ ಬೇರೆ. ಹಳೆಯ ಹಾಡೊಂದನ್ನು ‘ಇದು ಯಾರದು?’ ಎಂದು ಕೇಳಿದರೆ ಅವರು ಒಬ್ಬರ ಹೆಸರು ಹೇಳುತ್ತಲೇ ಇರಲಿಲ್ಲ. ‘ಇಂಥವನು ಹಾಡಿದ್ದ, ಇಂಥವಳೂ ಹಾಡಿದ್ದಳು, ನನಗೆ ಅವನದು ಇಷ್ಟ, ನನ್ನ ಗಂಡನಿಗೆ ಅವಳದು’ ಎನ್ನುತ್ತಿದ್ದರು. ಇದು ಅವರೊಬ್ಬರ ಅಭ್ಯಾಸವೆಂದೇ ಬಹಳ ದಿನ ತಿಳಿದಿದ್ದೆ. ಅದು ಒಂದು ಇಡೀ ತಲೆಮಾರಿಗೆ ಉತ್ಸವದ ನಿಯಮಾವಳಿ ಕಲಿಸಿದ ಅಭ್ಯಾಸವೆಂದು ಗೊತ್ತಾದದ್ದು ಆಮೇಲೆ.

ನಿಯಮ

1951ರ ಜನವರಿ ಕೊನೆಯ ಮೂರು ರಾತ್ರಿ, ಸಾನ್ರೆಮೊ ಊರಿನ ಕ್ಯಾಸಿನೊದಲ್ಲಿ, ಜನ ಮೇಜುಗಳ ಸುತ್ತ ಊಟಕ್ಕೆ ಕೂತಿದ್ದಾಗ ಮೊದಲ ಉತ್ಸವ ನಡೆಯಿತು. ಹಾಡುಗಳು ಇಪ್ಪತ್ತು. ಅವನ್ನೆಲ್ಲ ಹಾಡಲು ಇದ್ದವರು ನಿಲ್ಲಾ ಪಿಟ್ಸಿ, ಅಕಿಲ್ಲೆ ತೊಲ್ಯಾನಿ ಮತ್ತು ದುವೊ ಫಜಾನೊ ಎಂಬ ಹೆಸರಿನ ಅವಳಿ ಸೋದರಿಯರು ಮಾತ್ರ. ಚಿನಿಕೊ ಆಂಜೆಲಿನಿ ಅವರ ವಾದ್ಯವೃಂದ, ನುಂತ್ಸಿಯೊ ಫಿಲೊಗಾಮೊ ಅವರ ನಿರೂಪಣೆ, ಮನೆಯಲ್ಲಿದ್ದವರಿಗೆ ರೇಡಿಯೊ. ಗೆದ್ದದ್ದು ಹೂವಿಗೆ ಧನ್ಯವಾದ ಹೇಳುವ ‘ಗ್ರಾತ್ಸಿಯೆ ದೇಯಿ ಫಿಯೋರಿ’, ಹಾಡಿದವರು ಪಿಟ್ಸಿ. ಮರುವರ್ಷ ನಡೆದದ್ದು ಇನ್ನೂ ವಿಚಿತ್ರ. ಮೊದಲ, ಎರಡನೆಯ, ಮೂರನೆಯ ಸ್ಥಾನ ಮೂರೂ ಪಿಟ್ಸಿಯವರಿಗೇ ಹೋದವು. ಇಂದಿನ ಟೀವಿ ಸ್ಪರ್ಧೆಗಳನ್ನು ನೋಡಿ ಬೆಳೆದವರಿಗೆ ಇದು ಹುಚ್ಚಾಟವಾಗಿ ಕಾಣುತ್ತದೆ. ಒಬ್ಬರೇ ತಮ್ಮೊಡನೆ ತಾವೇ ಓಡಿ ಮೂರು ಪದಕ ಗೆಲ್ಲುವುದು ಹೇಗೆ? ಆದರೆ ಅಲ್ಲಿ ಓಡುತ್ತಿದ್ದವರು ಪಿಟ್ಸಿ ಅಲ್ಲ. ಓಡುತ್ತಿದ್ದದ್ದು ಹಾಡುಗಳು, ಪಿಟ್ಸಿ ಅವನ್ನು ಬೆನ್ನ ಮೇಲೆ ಹೊತ್ತ ಕುದುರೆಯಷ್ಟೇ. ಆ ವರ್ಷ ಮೊದಲು ಬಂದ ‘ವೋಲಾ ಕೊಲೊಂಬಾ’ದಲ್ಲಿ ಪಾರಿವಾಳವೊಂದು ಇನ್ನೂ ಇಟಲಿಯ ಕೈಸೇರದ ತ್ರಿಯೆಸ್ತೆಯ ಕಡೆಗೆ ಹಾರುತ್ತದೆ. ಎರಡನೆಯದಾದ ‘ಪಾಪಾವೆರಿ ಎ ಪಾಪೆರೆ’ಯಲ್ಲಿ ಎತ್ತರದ ಗಸಗಸೆ ಗಿಡಗಳನ್ನು ನೋಡಿ ಕುಳ್ಳ ಬಾತುಕೋಳಿ ಕೊರಗುತ್ತದೆ, ಗಸಗಸೆ ಗಿಡಗಳೆಂದರೆ ದೊಡ್ಡ ಕುರ್ಚಿಯ ದೊಡ್ಡ ಮನುಷ್ಯರೆಂದು ಅಲ್ಲಿನ ಮಕ್ಕಳಿಗೂ ಗೊತ್ತು. ಜನ ಎರಡರಲ್ಲೂ ತಮ್ಮ ಕಾಲವನ್ನು ಕೇಳಿಕೊಂಡರು.

1953ರಿಂದ ಪ್ರತಿ ಹಾಡನ್ನೂ ಇಬ್ಬರು ಬೇರೆ ಬೇರೆಯಾಗಿ ಹಾಡಬೇಕೆಂಬ ಕ್ರಮ ಬಂತು. ಮೊದಲ ವರ್ಷ ವಾದ್ಯವೃಂದಗಳೂ ಎರಡು: ಒಂದು ಆಂಜೆಲಿನಿಯವರ ಹಳೆಯ ಶೈಲಿಯದು, ಇನ್ನೊಂದು ಜಾಝ್ ಬಲ್ಲ ಅರ್ಮಾಂದೊ ತ್ರೊವಾಯೋಲಿ ಅವರದು. ಒಂದೆರಡು ವರ್ಷ ಬಿಟ್ಟರೆ 1971ರವರೆಗೂ ಈ ಕ್ರಮ ನಡೆಯಿತು. ಹಾಡುಗಾರರ ಗುಣದಿಂದಲೋ ದೋಷದಿಂದಲೋ ಹಾಡಿನ ತೂಕ ಏರುಪೇರಾಗಬಾರದು, ಎರಡು ಬಾಯಲ್ಲಿ ಕೇಳಿದ ಮೇಲೆ ಉಳಿಯುವುದೇ ನಿಜವಾದ ಹಾಡು ಎಂಬುದು ಅದರ ಹಿಂದಿನ ತರ್ಕ. ಆ ತರ್ಕದ ಕೆಳಗೆ ವ್ಯಾಪಾರದ ಲೆಕ್ಕವೂ ಇತ್ತು. ಆ ಕಾಲದ ಹಾಡಿನ ಒಡೆಯರು ಸ್ವರಲಿಪಿ ಅಚ್ಚು ಹಾಕಿಸುವ ಪ್ರಕಾಶಕರು; ಊರೂರಿನ ಕುಣಿತದ ಸಭಾಂಗಣಗಳಲ್ಲಿ, ಕೆಫೆಗಳಲ್ಲಿ, ಮದುವೆ ಮನೆಗಳಲ್ಲಿ ಯಾವ ವಾದ್ಯದವರು ಬೇಕಾದರೂ ನುಡಿಸಬಹುದಾದ ಹಾಳೆಯೇ ಅವರ ಸರಕು. ಹಾಡು ಒಂದೇ ಗಂಟಲಿಗೆ ಅಂಟಿಕೊಂಡರೆ ಹಾಳೆಯ ಬೆಲೆ ಇಳಿಯುತ್ತದೆ. ಆದ್ದರಿಂದ ‘ಯಾರು ಬೇಕಾದರೂ ಹಾಡಬಹುದು’ ಎಂಬುದನ್ನು ವೇದಿಕೆಯ ಮೇಲೆಯೇ ತೋರಿಸಿಕೊಡುವ ಈ ಪದ್ಧತಿ ಎಲ್ಲರಿಗೂ ಒಪ್ಪಿತವಾಗಿತ್ತು. ಯುರೋಪಿನ ದೇಶದೇಶಗಳ ನಡುವೆ ನಡೆಯುವ ಯುರೋವಿಷನ್ ಹಾಡಿನ ಸ್ಪರ್ಧೆ ಹುಟ್ಟಿದ್ದು ಸಾನ್ರೆಮೊದ ಮಾದರಿಯಿಂದ. 1956ರಲ್ಲಿ ಲುಗಾನೊದಲ್ಲಿ ಅದು ಮೊದಲು ನಡೆದಾಗ ಏಳು ದೇಶಗಳು ಎರಡೆರಡು ಹಾಡು ತಂದವು. ಇಂದಿಗೂ ಅದರ ಹೆಸರಿನಲ್ಲಿ ಇರುವುದು ಹಾಡಿನ ಸ್ಪರ್ಧೆಯೆಂದೇ, ಹಾಡುಗಾರರ ಸ್ಪರ್ಧೆಯೆಂದಲ್ಲ.

ಈ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದು ತಿಳಿಯಲು 1955 ಒಂದೇ ಸಾಕು. ರೋಮಿನ ತ್ರಾಸ್ತೆವೆರೆಯವರಾದ, ‘ಪುಟ್ಟ ದೊರೆ’ ಎಂದು ಅಭಿಮಾನಿಗಳು ಕರೆಯುತ್ತಿದ್ದ ಕ್ಲೌದಿಯೊ ವಿಲ್ಲಾ ಅವರಿಗೆ ಕೊನೆಯ ರಾತ್ರಿ ಗಂಟಲು ಕಟ್ಟಿತು. ಅವರ ಸರದಿ ಬಂದಾಗ ಅವರ ರೆಕಾರ್ಡ್ ಹಾಕಿ ಕೇಳಿಸಲಾಯಿತು. ತುಲ್ಲಿಯೊ ಪಾನೆ ಅದೇ ಹಾಡನ್ನು ತಮ್ಮ ಸರದಿಯಲ್ಲಿ ಹಾಡಿದರು. ಆ ಹಾಡೇ ಗೆದ್ದಿತು. ಮನುಷ್ಯನಿಲ್ಲದ ವೇದಿಕೆಯ ರೆಕಾರ್ಡಿಗೆ ಪಾಲು ಬಂದ ಬಹುಮಾನ ಅದು. ಅಂದಿನ ತರ್ಕದಲ್ಲಿ ಅದರಲ್ಲಿ ತಪ್ಪೇನೂ ಇರಲಿಲ್ಲ, ತೂಗುತ್ತಿದ್ದದ್ದು ಹಾಡನ್ನಲ್ಲವೇ?

ತೋಳು ಚಾಚಿದವರು

ಅಜ್ಜಿ ಹುಟ್ಟಿದ್ದು ಬ್ರಿಂದಿಸಿಯ ಹತ್ತಿರದ ಹಳ್ಳಿಯಲ್ಲಿ, ಇಟಲಿಯೆಂಬ ಬೂಟಿನ ಹಿಮ್ಮಡಿಯಲ್ಲಿ. 1961ರಲ್ಲಿ, ಹದಿನೆಂಟಕ್ಕೆ, ಕಾರು ಕಾರ್ಖಾನೆಯ ಕೆಲಸಕ್ಕೆ ಬಂದಿದ್ದ ಅಣ್ಣನ ಹಿಂದೆ ರೈಲು ಹತ್ತಿ ತೊರಿನೊಗೆ ಬಂದರು. ಆಗ ಅವರಿಗೆ ಬರುತ್ತಿದ್ದದ್ದು ಊರ ಮಾತು. ಇಟಾಲಿಯನ್ ಎಂದರೆ ಶಾಲೆಯ ಟೀಚರ್ ಆಡುತ್ತಿದ್ದ ಭಾಷೆ. ತೊರಿನೊದ ಬಾಡಿಗೆ ಮನೆಗಳ ಬಾಗಿಲಿಗೆ ದಕ್ಷಿಣದವರಿಗೆ ಮನೆ ಕೊಡುವುದಿಲ್ಲವೆಂದು ಚೀಟಿ ಅಂಟಿಸುತ್ತಿದ್ದ ಕಾಲ ಅದು. ‘ನಾನು ಇಟಾಲಿಯನ್ ಕಲಿತದ್ದು ರೇಡಿಯೊದ ಹಾಡುಗಳಿಂದ. ಅಂಗಡಿಯಲ್ಲಿ ಉಪ್ಪು ಕೇಳಲು ಮಾತ್ರ ಹಾಡುಗಳು ಕಲಿಸಲಿಲ್ಲ. ಅದರಲ್ಲಿ ಬರೀ ಹೃದಯ, ಚಂದ್ರ, ಅಮ್ಮ’ ಎಂದು ನಗುತ್ತಿದ್ದರು. ಇಟಲಿಯ ಜನಕ್ಕೆ ಇಟಾಲಿಯನ್ ಕಲಿಸಿದ್ದರಲ್ಲಿ ಟೀವಿಯ ಪಾಲು ದೊಡ್ಡದೆಂದು ಭಾಷಾವಿಜ್ಞಾನಿ ತುಲ್ಲಿಯೊ ದೆ ಮೌರೊ 1963ರಲ್ಲೇ ವಾದಿಸಿದ್ದರು. ಅವರ ಪುಸ್ತಕವನ್ನು ನಾನು ಆಮೇಲೆ ಓದಿದೆ. ವಾದ ನನಗೆ ಮನವರಿಕೆಯಾದದ್ದು ಅಡುಗೆಮನೆಯಲ್ಲಿ.

ಹಾಡುಗಾರ ದೊಮೆನಿಕೊ ಮೊದೂನ್ಯೊ ಅವರ ಮಾತು ಬಂದರೆ ಅಜ್ಜಿಯ ದನಿಯಲ್ಲಿ ತವರಿನ ಗತ್ತು ಕಾಣಿಸುತ್ತಿತ್ತು. ಮೊದೂನ್ಯೊ ಹುಟ್ಟಿದ್ದು ಪೊಲಿಞಾನೊದಲ್ಲಿ, ಬೆಳೆದದ್ದು ಬ್ರಿಂದಿಸಿಯ ಸೀಮೆಯಲ್ಲಿ. ಮೊದಮೊದಲು ಆ ಸೀಮೆಯ ಮಾತಿನಲ್ಲಿಯೇ ಹಾಡು ಕಟ್ಟಿದವರು. ಬಲೆಗೆ ಬಿದ್ದ ಹೆಣ್ಣು ಕತ್ತಿಮೀನನ್ನು ಬಿಟ್ಟು ಹೋಗಲಾರದೆ ತಾನೂ ಸಾಯುವ ಗಂಡು ಮೀನಿನ ಹಾಡು ಅದರಲ್ಲೊಂದು. ಆ ಮಾತು ಸಿಸಿಲಿಯ ಮಾತಿಗೆ ಹತ್ತಿರವಿದ್ದುದರಿಂದ ಉಳಿದ ಇಟಲಿ ಅವರನ್ನು ಸಿಸಿಲಿಯವರೆಂದೇ ತಿಳಿಯಿತು. ಅವರೂ ಆ ವೇಷವನ್ನು ಕೆಲಕಾಲ ಹಾಕಿಕೊಂಡೇ ನಡೆದರು. ಅಜ್ಜಿಗೆ ಇದರ ಕೋಪ ಅರವತ್ತು ವರ್ಷವಾದರೂ ಇಳಿದಿರಲಿಲ್ಲ.

1958ರ ಸಾನ್ರೆಮೊದಲ್ಲಿ ಮೊದೂನ್ಯೊ ಹಾಡಿದ ‘ನೆಲ್ ಬ್ಲೂ ದಿಪಿಂತೊ ದಿ ಬ್ಲೂ’ವನ್ನು ಜಗತ್ತು ‘ವೊಲಾರೆ’ ಎಂದು ಕರೆಯುತ್ತದೆ. ನಾನದನ್ನು ಮೊದಲು ಕೇಳಿದ್ದು ಬೆಂಗಳೂರಿನಲ್ಲಿ, ಗೆಳೆಯನೊಬ್ಬನ ಕ್ಯಾಸೆಟ್ಟಿನಲ್ಲಿ, ಜಿಪ್ಸಿ ಕಿಂಗ್ಸ್ ಅವರ ಗಿಟಾರುಗಳ ಅಬ್ಬರದಲ್ಲಿ. ಅದು ಸ್ಪ್ಯಾನಿಷ್ ಹಾಡೆಂದೇ ಹದಿನೈದು ವರ್ಷ ನಂಬಿದ್ದೆ. ಹಾಗೆಂದು ಅಜ್ಜಿಗೆ ಹೇಳಿದ ದಿನ ಅವರು ನನಗೆ ಊಟ ಹಾಕಿದ್ದೇ ದೊಡ್ಡದು. ಮುಖಕ್ಕೂ ಕೈಗಳಿಗೂ ನೀಲಿ ಬಳಿದುಕೊಂಡವನೊಬ್ಬ ಗಾಳಿಗೆ ಸಿಕ್ಕಿ ಆಕಾಶಕ್ಕೆ ಏರುವ ಕನಸು ಆ ಹಾಡು. ಪದಗಳಲ್ಲಿ ಫ್ರಾಂಕೊ ಮಿಲ್ಯಾಚಿ ಅವರ ಪಾಲಿದೆ, ರಾಗ ಮೊದೂನ್ಯೊ ಅವರದು. ಅಂದಿನ ಕ್ರಮದಂತೆ ಅದನ್ನು ಇಬ್ಬರು ಹಾಡಿದರು. ಎರಡನೆಯವರು ನ್ಯೂಯಾರ್ಕಿನಲ್ಲಿ ಬೆಳೆದು ಬಂದಿದ್ದ, ಇಪ್ಪತ್ತು ವರ್ಷದ ಜಾನಿ ದೊರೆಲ್ಲಿ. ಅವರದೂ ಚೆಂದದ ದನಿ, ತೂಗಿ ನಡೆಯುವ ಲಯ. ಬಹುಮಾನದ ಪಟ್ಟಿಯಲ್ಲಿ ಇಂದಿಗೂ ಇಬ್ಬರ ಹೆಸರೂ ಇದೆ. ಆದರೆ ದೊರೆಲ್ಲಿಯವರ ‘ವೊಲಾರೆ’ಯನ್ನು ನೆನಪಿಟ್ಟುಕೊಂಡವರು ಬಹಳ ಕಡಿಮೆ.

ಇದಕ್ಕೆ ಕಾರಣ ಎರಡು ತೋಳುಗಳು. ಅಲ್ಲಿಯವರೆಗೆ ಹಾಡುಗಾರರು ಒಂದು ಕೈಯನ್ನು ಎದೆಯ ಮೇಲಿಟ್ಟು, ಇನ್ನೊಂದನ್ನು ಮುಂದೆ ಚಾಚಿ, ಒಪೆರಾದ ದೂರದ ನೆಂಟರ ಹಾಗೆ ನಿಲ್ಲುತ್ತಿದ್ದರು. ಮೊದೂನ್ಯೊ, ಹಾರುವುದು ಎಂಬರ್ಥದ ‘ವೊಲಾರೆ’ ಪದ ಬಂದಾಗ, ಎರಡೂ ತೋಳುಗಳನ್ನು ರೆಕ್ಕೆಯಂತೆ ಅಗಲಿಸಿದರು. ಟೀವಿ ಇಟಲಿಗೆ ಬಂದು ಆಗ ನಾಲ್ಕೇ ವರ್ಷ. ಮನೆಯಲ್ಲಿ ಟೀವಿ ಇಲ್ಲದವರು ಬಾರಿನಲ್ಲಿ ಕೂತು ನೋಡಿದರು. ಅಜ್ಜಿ ನೋಡಿದ್ದು ಹಳ್ಳಿಯ ಬಾರಿನಲ್ಲಿ, ಹೆಂಗಸರು ಒಳಗೆ ಹೋಗುವ ಪದ್ಧತಿ ಇಲ್ಲದ್ದರಿಂದ ಬಾಗಿಲಲ್ಲಿ ನಿಂತು. ‘ನಮ್ಮೂರ ಗಂಡಸರೆಲ್ಲ ಒಂದು ವಾರ ಕೈ ಅಗಲಿಸಿಕೊಂಡೇ ನಡೆದರು’ ಎನ್ನುತ್ತಿದ್ದರು. ಸ್ವರಲಿಪಿಯ ಹಾಳೆಯಲ್ಲಿ ತೋಳು ಅಚ್ಚಾಗುವುದಿಲ್ಲ. ಹಾಡು ಬೇರೆ, ಹಾಡುಗಾರ ಬೇರೆ ಎಂಬ ನಂಬಿಕೆಗೆ ಮೊದಲ ಬಿರುಕು ಬಿದ್ದದ್ದು ಅಲ್ಲಿ ಎಂದು ನನಗೆ ಅನಿಸುತ್ತದೆ. ಆ ವರ್ಷದ ಯುರೋವಿಷನ್‌ನಲ್ಲಿ ಹಾಡಿಗೆ ಮೂರನೆಯ ಸ್ಥಾನ ಸಿಕ್ಕಿತು. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು ಐದು ವಾರ ಮೊದಲ ಸ್ಥಾನದಲ್ಲಿ ಕೂತಿತು. 1959ರಲ್ಲಿ ನಡೆದ ಮೊತ್ತಮೊದಲ ಗ್ರ್ಯಾಮಿಯಲ್ಲಿ ವರ್ಷದ ರೆಕಾರ್ಡ್, ವರ್ಷದ ಹಾಡು ಎರಡೂ ಅದೇ. ಬರೆದವರ ಬಹುಮಾನ ಬೇರೆ, ಹಾಡಿದವರ ರೆಕಾರ್ಡಿನ ಬಹುಮಾನ ಬೇರೆ ಎಂದು ಅಮೆರಿಕನ್ನರು ಆಗಲೇ ವಿಂಗಡಿಸಿಟ್ಟಿದ್ದರು. ಎರಡೂ ಬಂದು ಒಂದೇ ಮನೆ ಸೇರಿದವು.

ಬೆನ್ನು, ಗಂಟಲು, ವಯಸ್ಸು

ಮುಂದಿನ ಆರೇಳು ವರ್ಷಗಳಲ್ಲಿ ಎರಡು ಬಾಯಿಯ ನಿಯಮ ತಾನೇ ತನ್ನನ್ನು ಅಣಕಿಸಿಕೊಳ್ಳತೊಡಗಿತು. 1960ರಲ್ಲಿ ಗೆದ್ದ ‘ರೊಮಾಂತಿಕಾ’ವನ್ನು ಮೆಲುದನಿಯಲ್ಲಿ ಹಾಡಿದವರು ಅದರ ರಾಗ ಹಾಕಿದ್ದ, ಹಾಸ್ಯನಟರೆಂದು ಹೆಸರಾಗಿದ್ದ ರೆನಾತೊ ರಷೆಲ್, ಅದನ್ನೇ ಗಂಟಲು ಹರಿಯುವಂತೆ ಕೂಗಿದವರು ತೋನಿ ದಲ್ಲಾರಾ. ಇಟಲಿಯವರು ಆ ಹೊಸ ಹುಡುಗರನ್ನು ‘ಊರ್ಲಾತೋರಿ’, ಎಂದರೆ ಕಿರುಚುವವರು ಎಂದು ಕರೆದರು. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಒಂದೇ ಹಾಡೆಂದು ಒಪ್ಪಲು ಮನಸ್ಸಾಗುವುದಿಲ್ಲ. 1961ರಲ್ಲಿ ಸೈನಿಕ ಸೇವೆಯಲ್ಲಿದ್ದ ಆದ್ರಿಯಾನೊ ಚೆಲೆಂತಾನೊ, ರಕ್ಷಣಾ ಮಂತ್ರಿ ಜೂಲಿಯೊ ಆಂದ್ರೆಯೊತ್ತಿ ಅವರ ಅನುಮತಿ ಪಡೆದು ಬಂದು, ಇಪ್ಪತ್ನಾಲ್ಕು ಸಾವಿರ ಮುತ್ತಿನ ಹಾಡನ್ನು ಸಭಿಕರಿಗೆ ಬೆನ್ನು ತಿರುಗಿಸಿಕೊಂಡು ಶುರು ಮಾಡಿದರು. ಎರಡನೆಯ ಸ್ಥಾನ ಬಂತು. ಜೊತೆಗೆ ಹಾಡಿದ ಲಿಟ್ಲ್ ಟೋನಿ ಅವರಿಗೂ ಅದೇ ಸ್ಥಾನ, ಆದರೆ ಚರ್ಚೆಯಾದದ್ದು ಬೆನ್ನು. ಅದೇ ವರ್ಷ ಮೀನಾ ಎರಡನೆಯ ಸಲ ಬಂದು, ನಿರಾಸೆಯಿಂದ ಹೋದವರು ಮತ್ತೆಂದೂ ಸ್ಪರ್ಧೆಗೆ ಬರಲಿಲ್ಲ. ಇಟಲಿಯ ಆ ಕಾಲದ ಅತಿ ದೊಡ್ಡ ದನಿ ಸಾನ್ರೆಮೊ ಗೆಲ್ಲದೆಯೇ ಉಳಿಯಿತು ಎಂಬುದು ಉತ್ಸವದ ಬಗ್ಗೆ ಹೇಳುವಷ್ಟನ್ನು ಮೀನಾ ಬಗ್ಗೆ ಹೇಳುವುದಿಲ್ಲ.

ನನಗೆ ಹೆಚ್ಚು ಕುತೂಹಲವಿರುವುದು 1964ರ ಬಗ್ಗೆ. ಆ ವರ್ಷ ಗೆದ್ದ ‘ನೊನ್ ಓ ಲೆತಾ’ದಲ್ಲಿ ಹುಡುಗಿಯೊಬ್ಬಳು ‘ನಿನ್ನನ್ನು ಪ್ರೀತಿಸುವ ವಯಸ್ಸು ನನಗಿನ್ನೂ ಆಗಿಲ್ಲ’ ಎನ್ನುತ್ತಾಳೆ. ಹಾಡಿದವರು ವೆರೋನಾದ ಹದಿನಾರು ವರ್ಷದ ಜಿಲ್ಯೋಲಾ ಚಿಂಕ್ವೆತ್ತಿ, ಮತ್ತು ಅವರಿಗಿಂತ ಸುಮಾರು ಹತ್ತು ವರ್ಷ ದೊಡ್ಡವರಾದ ಪತ್ರಿಸಿಯಾ ಕಾರ್ಲಿ. ಪದಗಳು ಒಂದೇ, ರಾಗ ಒಂದೇ. ಹದಿನಾರರ ಬಾಯಲ್ಲಿ ಅದು ಮಾತು. ಇಪ್ಪತ್ತೈದು ದಾಟಿದ ಬಾಯಲ್ಲಿ ನಟನೆ. ಹಾಡನ್ನು ಮಾತ್ರ ತೂಗುತ್ತೇವೆಂದು ಯಾವ ತೀರ್ಪುಗಾರ ಎದೆ ಮುಟ್ಟಿ ಹೇಳಿಯಾನು? ಹಾಡು ಬರೆದವರಲ್ಲೊಬ್ಬರು ಮಾರಿಯೊ ಪಾನ್ಜೆರಿ. 1952ರ ಗಸಗಸೆ ಗಿಡದ ಹಾಡನ್ನು ಕಟ್ಟಿದವರಲ್ಲಿಯೂ ಇದ್ದವರು, ಐವತ್ತು ದಾಟಿದವರು. ನಡುವಯಸ್ಸಿನ ಗಂಡಸಿನ ಪದಗಳು ಹುಡುಗಿಯ ಬಾಯಿಗೆ ಬಂದು ಅವಳದೇ ಆದವು. ಆ ವರ್ಷದ ಯುರೋವಿಷನ್ ಕೂಡ ಅವಳದಾಯಿತು. ಅದೇ 1964ರಲ್ಲಿ ಬಾಬಿ ಸೋಲೊ ಅವರಿಗೆ ಗಂಟಲು ಕೆಟ್ಟು, ಮುದ್ರಿತ ಹಾಡಿಗೆ ತುಟಿ ಆಡಿಸಿದ್ದಕ್ಕಾಗಿ ಸ್ಪರ್ಧೆಯಿಂದ ಹೊರಗಾದರು. ಒಂಬತ್ತು ವರ್ಷದ ಹಿಂದೆ ವಿಲ್ಲಾ ಅವರ ರೆಕಾರ್ಡಿಗೆ ಬಹುಮಾನ ಕೊಟ್ಟಿದ್ದ ಅದೇ ಉತ್ಸವ! ಈಗ ಗಂಟಲಿಗೂ ಹಾಡಿಗೂ ನಂಟಿದೆಯೆಂದು ಅದಕ್ಕೆ ನೆನಪಾಗಿತ್ತು. ಹೊರಗಾದ ಆ ‘ಉನಾ ಲಾಕ್ರಿಮಾ ಸುಲ್ ವೀಸೊ’ ಲಕ್ಷಗಟ್ಟಲೆ ಮಾರಾಟವಾಯಿತು. ಪಾಪಪ್ರಜ್ಞೆಯೋ ಎಂಬಂತೆ ಮರುವರ್ಷದ ಬಹುಮಾನ ಸೋಲೊ ಅವರಿಗೆ ಬಂತು.

ಹಾಡು ಬಾಯಿಂದ ಬಾಯಿಗೆ ದಾಟಿ ಬೆಳೆದದ್ದೂ ಇದೆ, ಅದನ್ನು ಮರೆಯಬಾರದು. 1965ರಲ್ಲಿ ಪೀನೊ ದೊನಾಜ್ಜೊ ಹಾಡಿದ ‘ಯೊ ಕೆ ನೊನ್ ವೀವೊ’ವನ್ನು ಅದೇ ಉತ್ಸವಕ್ಕೆ ಸ್ಪರ್ಧಿಯಾಗಿ ಬಂದಿದ್ದ ಇಂಗ್ಲೆಂಡಿನ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಕೇಳಿದರು. ಮರುವರ್ಷ ಇಂಗ್ಲಿಷ್ ಪದಗಳೊಂದಿಗೆ ಹಾಡಿ ತಮ್ಮ ದೇಶದ ಪಟ್ಟಿಯ ತುದಿಗೇರಿಸಿದರು. ಇಂಗ್ಲಿಷ್ ಪದಗಳಿಗೂ ಇಟಾಲಿಯನ್ ಪದಗಳಿಗೂ ಹೆಚ್ಚೇನೂ ಸಂಬಂಧವಿಲ್ಲ. ಹಳೆಯ ಪ್ರಕಾಶಕರು ಬಯಸಿದ್ದೂ ಇದನ್ನೇ ಅಲ್ಲವೇ.

ಚೀಟಿಯಲ್ಲಿದ್ದ ಗುಲಾಬಿ

1967ರ ಜನವರಿ 26ರ ರಾತ್ರಿ ಲುಯಿಜಿ ತೆಂಕೊ ವೇದಿಕೆಗೆ ಬಂದಾಗ ನಿಯಮ ಹಾಗೆಯೇ ಇತ್ತು. ಪೀಯೆಮೊಂತೆಯಲ್ಲಿ ಹುಟ್ಟಿ ಜೆನೊವಾದಲ್ಲಿ ಬೆಳೆದವರು. ಜೀನೊ ಪಾವೊಲಿ, ಫಾಬ್ರಿತ್ಸಿಯೊ ದೆ ಆಂದ್ರೆ ಮುಂತಾದ, ತಾವೇ ಬರೆದು ತಾವೇ ಹಾಡುವ ಗುಂಪಿನವರು. ಹಾಡಿನ ಕರ್ತೃವೇ ಗಾಯಕನೂ ಆದಾಗ ಅವನನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಎರಡೂ ಪದ ಜೋಡಿಸಿ ‘ಕಾಂತೌತೋರೆ’ ಎಂಬ ಹೊಸ ಪದವನ್ನೇ ಇಟಲಿ ಆಗ ಮಾಡಿಕೊಂಡಿತ್ತು. ತೆಂಕೊ ತಂದ ‘ಚಾವ್ ಅಮೋರೆ ಚಾವ್’ ಉಪ್ಪಿನಂತೆ ಬೆಳ್ಳಗಿನ ಹಾದಿಯ, ಉಳಬೇಕಾದ ಹೊಲದ, ಮಳೆಯೋ ಬಿಸಿಲೋ ಎಂದು ದಿನವೂ ಆಕಾಶ ನೋಡುವ ಬದುಕಿನ ಹಾಡು. ಒಂದು ದಿನ ಸಾಕೆಂದು ಹೊರಟವನು ನಗರದ ದೀಪಗಳ ನಡುವೆ ಏನೂ ತಿಳಿಯದೆ, ಹಿಂದಿರುಗಲು ಕಾಸೂ ಇಲ್ಲದೆ ನಿಲ್ಲುತ್ತಾನೆ. ಆ ರಾಗಕ್ಕೆ ತೆಂಕೊ ಮೊದಲು ಬರೆದಿದ್ದ ಪದಗಳು ಯುದ್ಧದ ವಿರುದ್ಧವಾಗಿದ್ದವು, ಉತ್ಸವಕ್ಕೆಂದು ಬದಲಾಯಿಸಿದ್ದರು. ಇನ್ನೊಂದು ಬಾಯಿ ದಾಲಿದಾ ಅವರದು: ಕೈರೊದಲ್ಲಿ ಇಟಲಿಯ ತಂದೆತಾಯಿಗೆ ಹುಟ್ಟಿ, ಪ್ಯಾರಿಸ್ಸಿನಲ್ಲಿ ತಾರೆಯಾದವರು. ತೀರ್ಪುಗಾರರು ಹಾಡನ್ನು ಕೊನೆಯ ಸುತ್ತಿಗೆ ಕಳಿಸಲಿಲ್ಲ. ಕೈಬಿಟ್ಟ ಹಾಡುಗಳಲ್ಲಿ ಒಂದನ್ನು ಮರಳಿ ಎತ್ತುವ ಸಮಿತಿಯೂ ಎತ್ತಿದ್ದು ‘ಲಾ ರಿವೊಲುತ್ಸಿಯೋನೆ’ ಎಂಬ ಬೇರೊಂದು ಹಾಡನ್ನು. ಅದೇ ರಾತ್ರಿ ಕಳೆದು 27ರ ನಸುಕಿನಲ್ಲಿ ತೆಂಕೊ ಹೋಟೆಲಿನ ಕೋಣೆಯಲ್ಲಿ ಜೀವ ಕಳೆದುಕೊಂಡಿದ್ದರು. ವಯಸ್ಸು ಇಪ್ಪತ್ತೆಂಟು. ತಾನು ಇಟಲಿಯ ಜನರನ್ನು ಪ್ರೀತಿಸಿದೆ, ಐದು ವರ್ಷ ವ್ಯರ್ಥ ಮಾಡಿಕೊಂಡೆ; ‘ಯೊ ತೂ ಎ ಲೆ ರೋಜೆ’ಯನ್ನು ಕೊನೆಯ ಸುತ್ತಿಗೆ ಕಳಿಸುವ ಜನರ ಮತ್ತು ‘ಲಾ ರಿವೊಲುತ್ಸಿಯೋನೆ’ಯನ್ನು ಆರಿಸುವ ಸಮಿತಿಯ ವಿರುದ್ಧ ಇದು ಪ್ರತಿಭಟನೆ ಎಂಬ ಅರ್ಥದ ಚೀಟಿ ಅಲ್ಲಿತ್ತು. ಮೊದಲನೆಯದು, ನಾನು, ನೀನು ಮತ್ತು ಗುಲಾಬಿಗಳು ಎಂಬರ್ಥದ ಒರಿಯೆತ್ತಾ ಬೆರ್ತಿಯವರ ಹಾಡು.

ಆ ಸಾವಿಗೆ ಒಂದು ಹಾಡಿನ ಸೋಲೇ ಕಾರಣವೆಂದು ಹೇಳುವುದು ಸುಲಭ. ಮನುಷ್ಯನೊಬ್ಬನ ಅಂತಹ ಗಳಿಗೆಯನ್ನು ಹೊರಗಿನವರು ಒಂದು ಕಾರಣಕ್ಕೆ ಇಳಿಸಬಾರದು. ಚೀಟಿಯ ಮಾತನ್ನಷ್ಟೇ ನಾನು ಓದಬಲ್ಲೆ. ಅದರಲ್ಲಿ ನನಗೆ ಕಾಣುವುದು, ಎರಡು ಬಾಯಿಯ ಆ ಹಳೆಯ ನಿಯಮವನ್ನು ಒಪ್ಪಲಾರದ ಒಬ್ಬ. ನಿಯಮ ಹೇಳುತ್ತಿತ್ತು: ಸೋತದ್ದು ಹಾಡು, ನೀನಲ್ಲ, ಬೇಕಾದರೆ ನೋಡು, ಅದನ್ನು ದಾಲಿದಾ ಕೂಡ ಹಾಡಿದ್ದಾರೆ. ಪಿಟ್ಸಿಯವರಿಗೆ ಆ ಮಾತು ಸಾಕಾಗುತ್ತಿತ್ತು, ಮರುವರ್ಷ ಬೇರೆ ಇಪ್ಪತ್ತು ಹಾಡು ಸಿಗುತ್ತಿದ್ದವು. ತಾನೇ ಬರೆದು ತಾನೇ ಹಾಡಿದವನಿಗೆ ತಾನು ಬೇರೆ, ಹಾಡು ಬೇರೆ ಎಂದು ಸರಿದು ನಿಲ್ಲಲು ಜಾಗವಿರಲಿಲ್ಲ. ಉತ್ಸವ ನಿಲ್ಲಲಿಲ್ಲ. ಮರುರಾತ್ರಿ ನಿರೂಪಕ ಮೈಕ್ ಬೊಂಜೋರ್ನೊ ಸಂತಾಪದ ಎರಡು ಮಾತಾಡಿ ಕಾರ್ಯಕ್ರಮ ಮುಂದುವರಿಸಿದರು. 28ರ ಶನಿವಾರ ಕ್ಲೌದಿಯೊ ವಿಲ್ಲಾ ಮತ್ತು ಇವಾ ಜಾನಿಕ್ಕಿ ಹಾಡಿದ ‘ನೊನ್ ಪೆನ್ಸಾರೆ ಆ ಮೆ’ ಗೆದ್ದಿತು. ‘ನನ್ನ ಬಗ್ಗೆ ಯೋಚಿಸಬೇಡ’ ಎಂದು ಅದರ ಅರ್ಥ.

ಇಷ್ಟನ್ನು ಓದಿಕೊಂಡು, ಓದಿದವರಿಗೆ ಬರುವ ಬಿಗುಮಾನದಿಂದ, ನಾನೊಂದು ಸಂಜೆ ಅಜ್ಜಿಯನ್ನು ಕೇಳಿದೆ: ‘ಆ ಶನಿವಾರ ನೀವು ನೋಡಿದಿರಾ?’ ನೋಡಿದ್ದರು. ಮೇಲಿನ ಮಹಡಿಯ ಕುಟುಂಬದ ಮನೆಯಲ್ಲಿ ಹನ್ನೆರಡು ಜನ ಸೇರಿದ್ದರಂತೆ, ಎಲ್ಲರೂ ಹಿಮ್ಮಡಿಯ ಕಡೆಯವರು. ಹುಡುಗನ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ? ‘ಆಮೇಲೆ ವಿಲ್ಲಾ ಗೆದ್ದ. ನಾವೆಲ್ಲ ಖುಷಿಪಟ್ಟೆವು.’ ಮತ್ತೆ ಸ್ವಲ್ಪ ತಡೆದು, ‘ನನಗೆ ಗುಲಾಬಿಯ ಹಾಡೂ ಇಷ್ಟವಾಗಿತ್ತು. ಈಗಲೂ ಇಷ್ಟ’ ಎಂದರು. ತೆಂಕೊ ಅವರ ಹಾಡು ನಿಮ್ಮದೇ ಕತೆಯಲ್ಲವೇ, ಹಳ್ಳಿ ಬಿಟ್ಟು ರೈಲು ಹತ್ತಿದವರು ನೀವೇ ಅಲ್ಲವೇ ಎಂದೆ. ಅವರು ನನ್ನನ್ನು ನೋಡಿದ ನೋಟ ನೆನಪಿದೆ. ‘ನನ್ನ ಕತೆ ನನಗೆ ಗೊತ್ತಿತ್ತಲ್ಲ. ದಿನಕ್ಕೆ ಹತ್ತು ಗಂಟೆ ಹೊಲಿಗೆ ಕಾರ್ಖಾನೆಯಲ್ಲಿ ಕೂತು ಬಂದವಳಿಗೆ ಅದನ್ನು ಮತ್ತೆ ಇನ್ನೊಬ್ಬರು ಬಂದು ಹೇಳಬೇಕಿತ್ತೇ? ನನಗೆ ಗುಲಾಬಿ ಬೇಕಿತ್ತು.’

ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ತೆಂಕೊ ಪರವಾಗಿ ಬರೆದ ಲೇಖನಗಳಲ್ಲೆಲ್ಲ ‘ಆ ಜನ’ ಎಂಬ ಒಂದು ಗುಂಪು ಬರುತ್ತದೆ: ರುಚಿ ಇಲ್ಲದವರು, ಸಿಹಿ ಕೇಳುವವರು, ಒಳ್ಳೆಯದನ್ನು ಕೊಂದವರು. ಓದುವಾಗ ನಾನೂ ಆ ಗುಂಪಿನ ಹೊರಗೆ ನಿಂತು ತಲೆದೂಗಿದ್ದೆ. ಆ ಗುಂಪಿನವರೊಬ್ಬರು ಎದುರಿಗೆ ಕೂತು ಅವರೆಕಾಯಿಯಂಥದೇನನ್ನೋ ಸುಲಿಯುತ್ತಿದ್ದಾಗ ತಲೆದೂಗುವುದು ಕಷ್ಟ. ಆ ಹಾಡು ಅವರಂಥವರ ಬಗ್ಗೆಯೇ ಇತ್ತು, ಅವರಿಗೆ ಬೇಕಾಗಿರಲಿಲ್ಲ. ಗುಲಾಬಿಯ ಹಾಡಿನಲ್ಲಿ ಅವರ ಬದುಕಿನ ಒಂದು ಎಳೆಯೂ ಇರಲಿಲ್ಲ, ಅದನ್ನು ಅವರು ತಮ್ಮದಾಗಿಸಿಕೊಂಡರು. ಎರಡೂ ನಿಜ. ನನಗೆ ಇಂದಿಗೂ ತೆಂಕೊ ಅವರ ಹಾಡೇ ದೊಡ್ಡದು; ಅದನ್ನು ಅಜ್ಜಿಯ ಮುಂದೆ ಸಾಧಿಸಿ ಗೆಲ್ಲುವ ಆಸೆ ಮಾತ್ರ ಉಳಿದಿಲ್ಲ.

ಹೂವಿನ ವ್ಯಾಪಾರಿಯ ಊರು

ಮರುವರ್ಷ ಒಂದು ಭಾನುವಾರ ಸಾನ್ರೆಮೊಗೆ ಹೋದೆ. ಹಳೆಯ ರೈಲು ಹಳಿ ಸಮುದ್ರದ ಅಂಚಿನಲ್ಲೇ ಇತ್ತಂತೆ. ಈಗ ಅಲ್ಲಿ ಸೈಕಲ್ ಹಾದಿ, ಹೊಸ ನಿಲ್ದಾಣ ಬೆಟ್ಟದ ಹೊಟ್ಟೆಯೊಳಗೆ. ರೈಲಿಳಿದು ಉದ್ದನೆಯ ಸುರಂಗದಲ್ಲಿ ನಡೆದು ನಡೆದು ಕೊನೆಗೆ ಬೆಳಕಿಗೆ ಬರಬೇಕು. ಇಷ್ಟೊಂದು ಹಾಡು ಹೊರಟ ಊರು ಇಷ್ಟು ಚಿಕ್ಕದೇ ಎನಿಸಿತು. ಬಿಳಿಯ ಕ್ಯಾಸಿನೊ ಮೆಟ್ಟಿಲುಗಳ ಮೇಲೆ ಈಗಲೂ ಇದೆ. ಉತ್ಸವ 1977ರಲ್ಲಿ ಅಲ್ಲಿಂದ ಅರಿಸ್ತೊನ್‌ಗೆ ಬಂತು, ಅರಿಸ್ತೊನ್ ಎಂದರೆ ಪೇಟೆ ಬೀದಿಯ ಅಂಗಡಿಗಳ ಸಾಲಿನಲ್ಲಿ ಸಿನಿಮಾ ಮಂದಿರದಂತೆ ನಿಂತ ಒಂದು ಕಟ್ಟಡ.

ಆ ಊರಿನಲ್ಲಿ ನನಗೆ ನೆನಪಾಗುತ್ತಿದ್ದವರು ಹಾಡುಗಾರರಲ್ಲ, ಅಮಿಲ್ಕಾರೆ ರಾಂಬಾಲ್ದಿ ಎಂಬ ಹೂವಿನ ವ್ಯಾಪಾರಿ. ಸಾನ್ರೆಮೊ ಸುತ್ತಿನ ಬೆಟ್ಟಗಳೆಲ್ಲ ಹೂವಿನ ತೋಟ. ಯುದ್ಧ ಮುಗಿದ 1945ರಲ್ಲಿ, ಊರನ್ನು ಮತ್ತೆ ಎಬ್ಬಿಸಲು ಹಾಡಿನ ಉತ್ಸವವೊಂದನ್ನು ನಡೆಸಬಹುದೆಂದು ಸೂಚಿಸಿದವರು ರಾಂಬಾಲ್ದಿ. ಆಗ ಅದು ನಡೆಯಲಿಲ್ಲ. ಆರು ವರ್ಷದ ನಂತರ ಬೇರೆಯವರ ಕೈಯಲ್ಲಿ ನಡೆಯಿತು. ಅದೇ ರಾಂಬಾಲ್ದಿ, 1972ರಲ್ಲಿ, ಅದೇ ಊರಿನಲ್ಲಿ ತೆಂಕೊ ಅವರ ಹೆಸರಿನ ಕ್ಲಬ್ ಕಟ್ಟಿದರು. 1974ರಿಂದ ಅದು ತಾವೇ ಬರೆದು ಹಾಡುವವರನ್ನು ಕರೆಸಿ ಹಾಡಿಸುತ್ತದೆ, ಗೌರವಿಸುತ್ತದೆ. ಅಲ್ಲಿ ಸಂಜೆಯ ಕೊನೆಗೆ ಅಂಕ ಎಣಿಸುವುದಿಲ್ಲ. ಉತ್ಸವದ ಕನಸು ಮೊದಲು ಕಂಡವರೇ ಅದರ ಎದುರು ಸಾಲಿನಲ್ಲಿ ಇನ್ನೊಂದು ಚಪ್ಪರ ಹಾಕಿದ್ದನ್ನು ಅಲ್ಲಿನ ಜನ ವಿಶೇಷವೆಂದು ಹೇಳುವುದಿಲ್ಲ. ಅಲ್ಲಿನವರಿಬ್ಬರನ್ನು ಕೇಳಿದೆ, ಇಬ್ಬರೂ ಹೂವಿನ ಪೇಟೆಯ ದರದ ಮಾತಿಗೇ ತಿರುಗಿದರು.

ಮತ್ತೆಯೊತ್ತಿ ಬೀದಿಯ ನೆಲದಲ್ಲಿ ವರ್ಷವರ್ಷದ ವಿಜೇತರ ಫಲಕಗಳನ್ನು ಕೂರಿಸಿದ್ದಾರೆ. ಐಸ್‌ಕ್ರೀಮ್ ಹಿಡಿದ ಜನ ಅವುಗಳ ಮೇಲೆಯೇ ನಡೆದು ಹೋಗುತ್ತಿದ್ದರು. ನಾನು ತಲೆ ತಗ್ಗಿಸಿ ಓದುತ್ತ ಹೋಗುತ್ತಿದ್ದುದನ್ನು ನೋಡಿ ಒಬ್ಬರು ಏನಾದರೂ ಬೀಳಿಸಿಕೊಂಡೆಯಾ ಎಂದು ಕೇಳಿದರು.

ರಾತ್ರಿ ಮನೆಗೆ ಬಂದಾಗ ಅಜ್ಜಿ ಎಚ್ಚರವಾಗಿದ್ದರು. ಕ್ಯಾಸಿನೊ ನೋಡಿದೆ, ಸಮುದ್ರ ನೋಡಿದೆ, ತೆಂಕೊ ಕ್ಲಬ್ಬಿನ ಬಗ್ಗೆ ಕೇಳಿದೆ ಎಂದು ಹೇಳಿದೆ. ಅದೆಲ್ಲ ಅವರಿಗೆ ಬೇಕಿರಲಿಲ್ಲ. ವಿಲ್ಲಾ ತೀರಿಕೊಂಡದ್ದು 1987ರ ಫೆಬ್ರುವರಿ 7ರಂದು, ಉತ್ಸವದ ಕೊನೆಯ ರಾತ್ರಿಯೇ; ನಿರೂಪಕ ಪಿಪ್ಪೊ ಬೌದೊ ವೇದಿಕೆಯಿಂದಲೇ ಸುದ್ದಿ ಹೇಳಿದಾಗ ಇದೇ ಅಡುಗೆಮನೆಯಲ್ಲಿ ಗಂಡನ ಜೊತೆ ಕೂತಿದ್ದೆನೆಂದು ಅವರು ಈ ಮುಂಚೆಯೂ ಹೇಳಿದ್ದರು, ಮತ್ತೆ ಹೇಳಿದರು. ಆಮೇಲೆ ಕೇಳಿದರು:

‘ನೆಲದ ಮೇಲೆ ವಿಲ್ಲಾ ಹೆಸರು ಇತ್ತಾ?’

ಇತ್ತು ಎಂದೆ.

‘ಎಷ್ಟು ಸಲ?’

ನಾಲ್ಕು ಸಲ ಎಂದೆ. ಅವರು ಬೆರಳು ಮಡಿಸಿ ಎಣಿಸಿದರು: ಐವತ್ತೈದು ಪಾನೆ ಜೊತೆ, ಐವತ್ತೇಳು ಗಾಲ್ಲೊ ಜೊತೆ, ಅರವತ್ತೆರಡು ಮೊದೂನ್ಯೊ ಜೊತೆ, ಅರವತ್ತೇಳು ಜಾನಿಕ್ಕಿ ಜೊತೆ. ‘ಸರಿ ಇದೆ’ ಎಂದು ಹೇಳಿ ಮಲಗಲು ಎದ್ದು ಹೋದರು.